ಹುಳು ಎಷ್ಟು ಅಲ್ಲ, ಯಾವುದು?

‘ಚದರ ಮೀಟರಿಗೆ ಸಾವಿರಾರು ಜೀವಿಗಳಿವೆ, ಅಂದಮೇಲೆ ಸರೋವರ ಚೆನ್ನಾಗಿದೆ.’ ತಳಜೀವಿಗಳ, ಎಂದರೆ ಸರೋವರದ ತಳದ ಕೆಸರಿನಲ್ಲಿ ಬದುಕುವ ಹುಳು, ಕೀಟದ ಮರಿಗಳ ಸಮೀಕ್ಷಾ ವರದಿ ಕೈಗೆ ಸಿಕ್ಕ ಕೂಡಲೇ ಈ ಮಾತು ಬರುತ್ತದೆ. ದಯವಿಟ್ಟು ಒಟ್ಟು ಸಂಖ್ಯೆಯ ಸಾಲನ್ನು ಕೊನೆಗೆ ಓದಿ, ಮೊದಲು ಜಾತಿಗಳ ಪಟ್ಟಿ ನೋಡಿ.

ರಂಜಕ, ಸಾರಜನಕ ಹೆಚ್ಚಾದಾಗ ಪಾಚಿ ಹೆಚ್ಚುತ್ತದೆ. ಸತ್ತ ಪಾಚಿ ತಳಕ್ಕಿಳಿದು ಹುಳುಗಳಿಗೆ ಆಹಾರವಾಗುವುದರಿಂದ ಮೊದಮೊದಲು ಸಂಖ್ಯೆ ನಿಜಕ್ಕೂ ಏರುತ್ತದೆ. ಆದರೆ ಅದೇ ಪಾಚಿ ಕೊಳೆಯುತ್ತಾ ತಳದ ಆಮ್ಲಜನಕವನ್ನು ತಿಂದುಹಾಕುತ್ತದೆ. ಅದು ಲೀಟರಿಗೆ 2 ಮಿ.ಗ್ರಾಂಗಿಂತ ಕೆಳಗಿಳಿದರೆ ಮೇಫ್ಲೈ ಎಂಬ ಕೀಟದ ಮರಿಗಳಂಥ, ಕೊರತೆ ತಾಳಲಾರದ ಜೀವಿಗಳು ಇಲ್ಲವಾಗುತ್ತವೆ. ಹಿಮೋಗ್ಲೋಬಿನ್‌ನಿಂದ ಕೆಂಪಗಿರುವ ಕೈರೊನೊಮಸ್ (ಸೊಳ್ಳೆಯಂತೆ ಕಾಣುವ, ಕಚ್ಚದ ಕೀಟ) ಮರಿಗಳು, ಎರೆಹುಳುವಿನ ಬಂಧುಗಳಾದ ಸಪೂರ ಟ್ಯುಬಿಫೆಕ್ಸ್ ಹುಳುಗಳು ತಾಳಿಕೊಂಡು, ತೆರವಾದ ಜಾಗದಲ್ಲಿ ತುಂಬಿಕೊಳ್ಳುತ್ತವೆ. ಆಮ್ಲಜನಕ ದೀರ್ಘಕಾಲ ಪೂರ್ತಿ ಇಲ್ಲವಾದರೆ ಅವೂ ಕುಸಿಯುತ್ತವೆ. ಹೀಗೆ ಸಂಖ್ಯೆ ಏರಿ ಇಳಿಯುವುದರಿಂದ ಒಂದೇ ಅಂಕಿ ಏರುವ ದಾರಿಯಲ್ಲೂ ಸಿಗಬಹುದು, ಇಳಿಯುವ ದಾರಿಯಲ್ಲೂ ಸಿಗಬಹುದು. ಯಾವ ದಾರಿ ಎಂದು ಹೇಳುವುದು ಜಾತಿಗಳು ಮಾತ್ರ.

‘ನಮ್ಮದು ಆಳವಿಲ್ಲ, ಗಾಳಿಗೆ ನೀರು ಬೆರೆಯುತ್ತದೆ’ ಎನ್ನುವವರು ಉತ್ತರ ಅಮೆರಿಕದ ಈರಿ ಸರೋವರದ ಪಶ್ಚಿಮ ಭಾಗವನ್ನು ನೆನೆಯಬೇಕು. ಅದೂ ಆಳವಿಲ್ಲದ್ದೇ. 1953ರಲ್ಲಿ ಗಾಳಿ ನಿಂತು ಸೆಕೆ ಹೆಚ್ಚಿದಾಗ ಮೇಲಿನ ನೀರು ಕೆಳಗಿನದರೊಂದಿಗೆ ಬೆರೆಯದೆ ಪದರಗಟ್ಟಿ, ತಳದಲ್ಲಿ ಆಮ್ಲಜನಕ ತೀರಿಹೋಗಿ ಹೆಕ್ಸಜೀನಿಯಾ ಮೇಫ್ಲೈ ಮರಿಗಳು ರಾಶಿರಾಶಿಯಾಗಿ ಸತ್ತವು. ಅವು ಗಮನಾರ್ಹವಾಗಿ ಮರಳಿದ್ದು 1990ರ ದಶಕದಲ್ಲಿ.

ಮಾದರಿ ತೆಗೆಯುವಲ್ಲೇ ಅಂಕಿ ಕೆಡುವುದೂ ಉಂಟು. ತಳದ ಕೆಸರನ್ನು ದವಡೆಯಿಂದ ಕಚ್ಚಿ ತರುವ ಉಪಕರಣವಾದ 15×15 ಸೆಂ.ಮೀ. ಎಕ್ಮನ್ ಗ್ರ್ಯಾಬ್‌ನ ಎಣಿಕೆಯನ್ನು 44.4ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ಎಂದರೆ ಒಂದು ಹುಳು ತಪ್ಪಿದರೆ 44 ತಪ್ಪಿದಂತೆ! ದವಡೆಗೆ ಕಲ್ಲೋ ಕಡ್ಡಿಯೋ ಸಿಕ್ಕಿ ಕೆಸರು ಸೋರಿದ್ದರೆ ಆ ಮಾದರಿಯನ್ನು ಚೆಲ್ಲಿ, ಪಕ್ಕದಲ್ಲಿ ಮತ್ತೆ ಹಾಕಿ. ಒಂದು ತಾಣಕ್ಕೆ ಕನಿಷ್ಠ ಮೂರು ಬೇಕು. 500 ಮೈಕ್ರಾನ್ ಜರಡಿಯಲ್ಲಿ ಎಳೆಮರಿಗಳೂ ಸಪೂರ ಹುಳುಗಳೂ ಜಾರಿಹೋಗುತ್ತವೆ. ಹಾಗಾಗಿ ಕಳೆದ ಸಲ 500, ಈ ಸಲ 250 ಬಳಸಿ ‘ಹುಳು ಹೆಚ್ಚಿದೆ’ ಎನ್ನಬೇಡಿ. ಮಾದರಿ ಕೆಡದಂತೆ ಹಾಕುವ ಎಥನಾಲ್‌ನ ಅಂತಿಮ ಪ್ರಮಾಣ ಸುಮಾರು 70% ಇರಬೇಕು. ಒದ್ದೆ ಕೆಸರಿಗೆ 70%ನದ್ದನ್ನೇ ಸುರಿದರೆ ಅದು ತೆಳುವಾಗಿ ಹುಳುಗಳು ಕೊಳೆಯುತ್ತವೆ, 95%ನದ್ದು ಹಾಕಿ.

ಆಮ್ಲಜನಕವನ್ನು ಮಧ್ಯಾಹ್ನ, ಮೇಲ್ಪದರದಲ್ಲಿ ಅಳೆದು ತರುವವರಿದ್ದಾರೆ. ಅದು ಬಿಸಿಲಲ್ಲಿ ಪಾಚಿ ಬಿಟ್ಟ ಆಮ್ಲಜನಕ. ಹುಳು ಇರುವುದು ಕೆಳಗೆ! ಕೆಸರಿಗೆ ಆದಷ್ಟು ಹತ್ತಿರ, ಆದರೆ ಕೆಸರು ಕದಡದಂತೆ ಅಳೆಯಿರಿ. ಆಳ ಕಡಿಮೆಯಿದ್ದರೆ ನಸುಕಿನಲ್ಲೇ.

ಕೆಂಪು ಹುಳು ಕಂಡ ಮಾತ್ರಕ್ಕೆ ಮಾಲಿನ್ಯ ಎಂದೂ ಬರೆಯಬೇಡಿ, ಮೆತ್ತನೆಯ ಕೆಸರಿನಲ್ಲಿ ಅವು ಸಹಜವಾಗಿಯೂ ಇರುತ್ತವೆ. ಒಮ್ಮೆಲೇ ಕಡಿಮೆಯಾದರೂ ಗಾಬರಿ ಬೇಡ: ಮರಿಗಳು ರೆಕ್ಕೆ ಬಂದು ಹಾರಿಹೋಗಿರಬಹುದು. ಕೆಲವು ವಾರ ಬಿಟ್ಟು ಅದೇ ತಾಣದಲ್ಲಿ, ಅದೇ ಜರಡಿಯಲ್ಲಿ ಇನ್ನೊಮ್ಮೆ ತೆಗೆದು ನೋಡಿ.