ಅಪಘಾತ ಸೊನ್ನೆ ಎನ್ನುವ ನಗರಸಭೆ

ನಗರಸಭೆ, ಪುರಸಭೆಗಳಿಗೆ ಸುರಕ್ಷತಾ ತಪಾಸಣೆಗೆ ಹೋದಾಗ ನಾನು ಮೊದಲು ಕೇಳುವುದು ಗಾಯಗಳ ಲೆಕ್ಕ. ಕಳೆದ ವರ್ಷ ಕೆಲಸದ ವೇಳೆ ಎಷ್ಟು ಜನರಿಗೆ ಪೆಟ್ಟಾಯಿತು? ‘ಅಂಥದ್ದೇನೂ ಆಗಿಲ್ಲ ಸಾರ್’ ಎಂಬ ಉತ್ತರ ಬಂದರೆ ನನಗೆ ಅನುಮಾನ ಶುರುವಾಗುತ್ತದೆ. ಬೆಳಗ್ಗೆ ಹಾಜರಾತಿ ಹಾಕುವ ಮಸ್ಟರಿಂಗ್ ಜಾಗಕ್ಕೆ ಹೋಗಿ ಪೌರಕಾರ್ಮಿಕರ ಕೈ ನೋಡಿದರೆ ಸಾಕು. ಗಾಜು ಕೊಯ್ದ ಗೆರೆಗಳು, ಬಟ್ಟೆ ಸುತ್ತಿಕೊಂಡ ಬೆರಳು, ಟಿಪ್ಪರ್‌ನ ಹಿಂದಿನ ಬಾಗಿಲಿಗೆ ಸಿಕ್ಕಿ ಕಪ್ಪಾದ ಉಗುರು. ನಾಯಿ ಕಚ್ಚಿದ್ದು, ಸೊಂಟ ಹಿಡಿದದ್ದನ್ನೆಲ್ಲ ಅವರೇ ನಗುತ್ತಾ ಹೇಳುತ್ತಾರೆ. ಇವು ಯಾವುದೂ ಕಡತದಲ್ಲಿ ಇರುವುದಿಲ್ಲ.

ಕಾರ್ಖಾನೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. 1948ರ ಕಾರ್ಖಾನೆ ಕಾಯ್ದೆ ಬಂದಾಗಿನಿಂದ, ಗಾಯವಾದವನು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ವರದಿ ಕೊಡುವುದು ಅವರಿಗೆ ರೂಢಿ. ಆದರೆ ಬೀದಿ ಕಾರ್ಖಾನೆಯಲ್ಲ. 2016ರ ಘನತ್ಯಾಜ್ಯ ನಿಯಮಗಳಲ್ಲೂ ಅಪಘಾತ ವರದಿಗೆ ಒಂದು ನಮೂನೆ ಕೊಟ್ಟರು. ಕಸ ಸಂಸ್ಕರಣಾ ಘಟಕದಲ್ಲೋ ಕಸ ಹೂಳುವ ಭೂಭರ್ತಿ ಜಾಗದಲ್ಲೋ ಅಪಘಾತವಾದರೆ ಅಲ್ಲಿನ ಅಧಿಕಾರಿ ಅದನ್ನು ತುಂಬಿ ಸ್ಥಳೀಯ ಸಂಸ್ಥೆಗೆ ಕಳಿಸಬೇಕು ಎಂದು ಅದರಲ್ಲಿತ್ತು. ಅಂದರೆ ಘಟಕದ ಗೇಟಿನ ಒಳಗೆ ಬಿದ್ದರೆ ವರದಿ. ನಸುಕಿನಲ್ಲಿ ಮುಖ್ಯರಸ್ತೆ ಗುಡಿಸುವವರಿಗೆ ಬೈಕ್ ಗುದ್ದಿದರೆ ಆ ನಮೂನೆಗೆ ಸಂಬಂಧವಿಲ್ಲ. ಪೌರಕಾರ್ಮಿಕರಲ್ಲಿ ಜಾಸ್ತಿ ಜನ ಇರುವುದು ಗೇಟಿನ ಹೊರಗೇ ಅಲ್ವಾ?

ಗಾಯದ ದರ ಲೆಕ್ಕ ಹಾಕುವುದು ಕಷ್ಟವೇನಲ್ಲ. ನಮ್ಮಲ್ಲಿ ಇದಕ್ಕೆ ಐಎಸ್ 3786 ಎಂಬ ಭಾರತೀಯ ಮಾನಕ ಇದೆ. ಕೆಲಸ ತಪ್ಪಿಸಿದ ಗಾಯಗಳನ್ನು ಎಣಿಸಿ, 10 ಲಕ್ಷದಿಂದ ಗುಣಿಸಿ, ಎಲ್ಲರೂ ಸೇರಿ ದುಡಿದ ಒಟ್ಟು ಗಂಟೆಗಳಿಂದ ಭಾಗಿಸಿದರೆ ಬರುವುದು ಆವರ್ತನ ದರ. ಒಂದು ನಗರಸಭೆಯಲ್ಲಿ 200 ಪೌರಕಾರ್ಮಿಕರು ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ದುಡಿಯುತ್ತಾರೆ ಅಂದುಕೊಳ್ಳಿ. ಒಟ್ಟು 4,80,000 ಗಂಟೆ. ಅಂಥ 12 ಗಾಯಗಳಾದರೆ ದರ 25. ಗಾಯಗಳ ಬದಲು ಕಳೆದುಹೋದ ದಿನಗಳನ್ನು ಹಾಕಿದರೆ ತೀವ್ರತಾ ದರ. ಒಬ್ಬೊಬ್ಬರು 10 ದಿನ ಮನೆಯಲ್ಲಿ ಕೂತಿದ್ದರೆ 120 ದಿನ, ದರ 250. ಅದೇ ಊರಲ್ಲಿ ಒಂದು ಸಾವೂ ಆಗಿದ್ದರೆ ಮಾನಕದ ಪ್ರಕಾರ ಅದನ್ನು 6,000 ದಿನ ಕಳೆದಂತೆ ಎಣಿಸಬೇಕು. ದರ ಒಮ್ಮೆಲೇ 12,750ಕ್ಕೆ ಹಾರುತ್ತದೆ.

ತಮಾಷೆ ನೋಡಿ, ಈ ಲೆಕ್ಕದ ಕಷ್ಟದ ಅರ್ಧ ನಗರಸಭೆಯಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಹಾಜರಾತಿ ಇದೆ, ಕೆಲವು ಕಡೆ ಬಯೋಮೆಟ್ರಿಕ್ ಕೂಡ ಇದೆ. ಗಂಟೆಗಳ ಲೆಕ್ಕ ಕಾರ್ಖಾನೆಗಳಿಗಿಂತ ಚೆನ್ನಾಗಿಯೇ ಸಿಗುತ್ತದೆ. ಇಲ್ಲದಿರುವುದು ಗಾಯದ ಲೆಕ್ಕ ಮಾತ್ರ.

ಯಾಕೆ ಇಲ್ಲ? ಯಾರೋ ಕೂತು ಮುಚ್ಚಿಡುತ್ತಾರೆ ಅಂತಲ್ಲ. ಕಾಲಿಗೆ ಗಾಜು ಚುಚ್ಚಿದವರು ಮೇಸ್ತ್ರಿಗೆ ಹೇಳುತ್ತಾರೆ. ಮೇಸ್ತ್ರಿ ‘ಎರಡು ದಿನ ಮನೇಲಿರು’ ಅನ್ನುತ್ತಾನೆ. ಗುತ್ತಿಗೆಯವರಾದರೆ ಆ ಎರಡು ದಿನದ ಕೂಲಿ ಹೋಯಿತು. ಹಾಗಾಗಿ ಮುಂದಿನ ಸಲ ಅವರು ಹೇಳುವುದೇ ಇಲ್ಲ. ಹಾಜರಾತಿಯಲ್ಲಿ ಅದು ಸುಮ್ನೆ ‘ಗೈರು’. ಹೆಲ್ತ್ ಇನ್‌ಸ್ಪೆಕ್ಟರ್‌ಗೂ ಆ ಪುಸ್ತಕವೇ ಆಧಾರ. ಪರಿಹಾರ ಕೊಡಬೇಕಾದ ಅಥವಾ ಪೊಲೀಸ್ ಕೇಸಾದ ಅಪಘಾತಕ್ಕೆ ಮಾತ್ರ ಕಡತ ತೆರೆಯುತ್ತದೆ.

ಚುಚ್ಚುಗಾಯದ ವಿಷಯದಲ್ಲಿ ಈ ಮೌನ ನೇರವಾಗಿ ಜೀವಕ್ಕೇ ಬರುತ್ತದೆ. ಕಸದಲ್ಲಿ ಬಂದ ಇಂಜೆಕ್ಷನ್ ಸೂಜಿ ಚುಚ್ಚಿದರೆ ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಸೋಮವಾರ ಚುಚ್ಚಿದ್ದು ಶನಿವಾರ ಬಾಯಿಬಿಟ್ಟರೆ ಅವಧಿ ಮುಗಿದಿರುತ್ತದೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮೊದಲೇ ಆಗಿದ್ದರೆ ಒಂದು ಭಯ ಕಡಿಮೆ. ಯಾರಿಗೆ ಎಷ್ಟು ಡೋಸ್ ಆಗಿದೆ ಎಂಬ ಪಟ್ಟಿ ಕೇಳಿ ನೋಡಿ. ಕೊಡುವಾಗ ತೆಗೆದ ಫೋಟೋ ಸಿಗುತ್ತದೆ, ಪಟ್ಟಿ ಸಿಗುವುದು ಅಪರೂಪ.

ಬರೆದಿಟ್ಟರೆ ಇನ್ನೊಂದು ಲಾಭವಿದೆ. ಒಂದೇ ವಾರ್ಡಿನಲ್ಲಿ, ಒಂದೇ ಆಟೋ ಟಿಪ್ಪರ್ ದಾರಿಯಲ್ಲಿ ಮೇಲಿಂದ ಮೇಲೆ ಸೂಜಿ ಚುಚ್ಚುತ್ತಿದೆ ಅಂದರೆ ಅಲ್ಲೊಂದು ಕ್ಲಿನಿಕ್ ತನ್ನ ಕಸವನ್ನು ಮನೆ ಕಸದ ಜೊತೆ ಬೆರೆಸುತ್ತಿದೆ ಎಂದೇ ಅರ್ಥ. ಅಲ್ಲಿಗೆ ನೋಟಿಸ್ ಹೋಗಬೇಕು. ಅದು ಬಿಟ್ಟು ಕಾರ್ಮಿಕರಿಗೆ ‘ಗ್ಲೌಸ್ ಹಾಕ್ಕೊಳ್ಳಿ’ ಎಂಬ ಭಾಷಣ ಶುರುವಾಗುತ್ತದೆ. ಗ್ಲೌಸ್ ಕೊಡಬೇಕೆಂದು ನಿಯಮವಿದೆ, ಕೊಟ್ಟಿದ್ದಕ್ಕೆ ಸಹಿಯೂ ಇರುತ್ತದೆ. ಆದರೆ ಗುಡಿಸುವವರಲ್ಲಿ ಬಹುಪಾಲು ಹೆಂಗಸರು, ಬರುವ ಗ್ಲೌಸ್ ಗಂಡಸರ ಅಳತೆಯದು. ಅದನ್ನು ಹಾಕಿಕೊಂಡು ಪೊರಕೆ ಹಿಡಿದು ನೋಡಿ, ಗೊತ್ತಾಗುತ್ತದೆ. ತೆಳ್ಳಗಿನ ರಬ್ಬರ್ ಗ್ಲೌಸ್ ಸೂಜಿಯನ್ನು ತಡೆಯುವುದೂ ಇಲ್ಲ.

ಮ್ಯಾನ್‌ಹೋಲ್ ವಿಷಯ ಬೇರೆ. ಅಲ್ಲಿ ಕಾನೂನು ಗಟ್ಟಿಯಾಗಿದೆ. ಮಲಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ರಕ್ಷಣೆಯಿಲ್ಲದೆ ಒಳಚರಂಡಿಗೆ ಇಳಿಸುವುದನ್ನು ನಿಷೇಧಿಸಿತು. 2014ರಲ್ಲಿ ಸುಪ್ರೀಂ ಕೋರ್ಟ್ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಎಂದಿತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಾಗಾಗಿ ಸಾವು ದಾಖಲಾಗುತ್ತದೆ, ಕೆಲವೊಮ್ಮೆ ‘ನಮ್ಮ ಕೆಲಸದವನಲ್ಲ’ ಎಂಬ ವಾದದ ಜೊತೆಗೆ. ದಾಖಲಾಗದಿರುವುದು ಸಾಯದೆ ಉಳಿದವರ ಕಥೆ. ಒಳಚರಂಡಿಯ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಮೊದಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ತಲುಪಿದ ಮೇಲೆ ಮೂಗಿಗೆ ವಾಸನೆಯೇ ಹತ್ತುವುದಿಲ್ಲ. ‘ವಾಸನೆ ಹೋಯ್ತು, ಇಳಿ’ ಅನ್ನುವುದು ಎಷ್ಟು ಅಪಾಯ ನೋಡಿ. ತಲೆಸುತ್ತಿ ಬಿದ್ದವನನ್ನು ಎಳೆದು ಹಾಕಿ, ಸೋಡಾ ಕುಡಿಸಿ ಮನೆಗೆ ಕಳಿಸಿದ ದಿನವೇ ಆ ಮ್ಯಾನ್‌ಹೋಲ್ ಬಗ್ಗೆ ಬರೆದಿಡಬೇಕಿತ್ತು. ಬರೆಯದಿದ್ದರೆ ಮುಂದಿನ ಸಲ ಒಬ್ಬ ಬೀಳುತ್ತಾನೆ, ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ.

ನಗರಸಭೆ ನೌಕರರಿಗೆ ರಕ್ಷಣೆ ಕಡಿಮೆ ಇರುವುದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಕಾರ್ಮಿಕ ಅಂಕಿಅಂಶ ಬ್ಯೂರೋ ವರ್ಷವರ್ಷ ಗಾಯದ ದರ ಪ್ರಕಟಿಸುತ್ತದೆ. ಖಾಸಗಿ ವಲಯಕ್ಕಿಂತ ಸ್ಥಳೀಯ ಸರ್ಕಾರಗಳ ದರ ಅಲ್ಲಿ ಜಾಸ್ತಿ. ಅಲ್ಲಿನ ಕೇಂದ್ರ ಸುರಕ್ಷತಾ ಕಾನೂನು ಸ್ಥಳೀಯ ಸರ್ಕಾರದ ನೌಕರರಿಗೆ ನೇರವಾಗಿ ಅನ್ವಯಿಸುವುದೂ ಇಲ್ಲ. ರಾಜ್ಯ ತನ್ನದೇ ವ್ಯವಸ್ಥೆ ಮಾಡಿಕೊಂಡಿದ್ದರೆ ಮಾತ್ರ ರಕ್ಷಣೆ. ಆದರೂ ಎಣಿಸುತ್ತಾರೆ. ಎಣಿಸಿದ್ದರಿಂದಲೇ ದರ ಜಾಸ್ತಿ ಎಂದು ಗೊತ್ತಾಗಿದೆ.

ನಾನು ಕೇಳುವುದು ದೊಡ್ಡದೇನಲ್ಲ. ಮಸ್ಟರಿಂಗ್ ಜಾಗದಲ್ಲಿ ಒಂದು ಪುಸ್ತಕ. ಯಾರಿಗೆ, ಎಲ್ಲಿ, ಏನು ಮಾಡುವಾಗ, ಏನಾಯಿತು, ಎಷ್ಟು ದಿನ ಬರಲಿಲ್ಲ. ಗುತ್ತಿಗೆಯವರು, ಕಾಯಂ ನೌಕರರು ಎಂದು ಬೇರೆ ಮಾಡದೆ ಎಲ್ಲರದ್ದೂ ಒಂದರಲ್ಲೇ. ವಾಟರ್‌ಮನ್, ಬೀದಿದೀಪದವರು, ಕ್ಲೋರಿನ್ ಸಿಲಿಂಡರ್ ಬದಲಿಸುವವರು ಕೂಡ ಅದೇ ಪುಸ್ತಕಕ್ಕೆ ಬರಲಿ. ತಿಂಗಳಿಗೊಮ್ಮೆ ಪೌರಾಯುಕ್ತರು ಓದಿ ಸಹಿ ಹಾಕಲಿ. ಗಾಯ ಬರೆಸಿದವರ ಕೂಲಿ ಮಾತ್ರ ಹಿಡಿಯಬಾರದು. ಹಿಡಿದರೆ ಪುಸ್ತಕ ಖಾಲಿ ಉಳಿಯುತ್ತದೆ.

ಟೆಂಡರ್‌ನಲ್ಲಿ ‘ಶೂನ್ಯ ಅಪಘಾತ’ ಎಂಬ ಷರತ್ತು ಹಾಕಿ ಅದಕ್ಕೆ ದಂಡ ಜೋಡಿಸುವವರಿಗೆ ಒಂದು ಮಾತು. ಗುತ್ತಿಗೆದಾರ ಗಾಯ ತಡೆಯುವುದಕ್ಕಿಂತ ಮುಚ್ಚುವುದೇ ಅಗ್ಗ ಎಂದು ಬೇಗ ಕಲಿಯುತ್ತಾನೆ. ದಂಡ ಹಾಕುವುದಾದರೆ 24 ಗಂಟೆಯೊಳಗೆ ವರದಿ ಕೊಡದಿದ್ದಕ್ಕೆ ಹಾಕಿ. ಹಾಗೆ ಮಾಡಿದ ಮೊದಲ ವರ್ಷ ದರ ಸರ್ರನೆ ಏರುತ್ತದೆ, ಸಾಮಾನ್ಯ ಸಭೆಯಲ್ಲಿ ಗಲಾಟೆಯೂ ಆಗಬಹುದು. ಆ ಏರಿಕೆಯನ್ನು ಯಾರ ವೈಫಲ್ಯ ಎಂದೂ ಬರೆಯಬೇಡಿ. ಹೋಲಿಕೆಗೆ ಎರಡನೆಯ ವರ್ಷದಿಂದ ಕೈಹಾಕಿ.