ನಲವತ್ತರ ಹೊಸ್ತಿಲಲ್ಲಿ ನೀಟ್: ಸೀಟು ಸಿಗದಿದ್ದರೆ ಮುಂದೇನು?

ಮೂವತ್ತೇಳರ ಸಾಫ್ಟ್‌ವೇರ್ ಟೆಸ್ಟಿಂಗ್ ಲೀಡ್ ಒಬ್ಬರು ಹೆಂಡತಿಯ ಜೊತೆ ಸಲಹೆ ಕೇಳಲು ನನ್ನ ಕಚೇರಿಗೆ ಬಂದಿದ್ದರು. ಅಪ್ಪನ ಡಯಾಲಿಸಿಸ್‌ಗೆಂದು ಎರಡು ವರ್ಷ, ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಅಲೆದವರು. ಅಪ್ಪ ತೀರಿಕೊಂಡರೂ ಆಸ್ಪತ್ರೆ ಮಾತ್ರ ತಲೆಯಿಂದ ಇಳಿದಿರಲಿಲ್ಲ. "ಸರ್, ಎಂಬಿಬಿಎಸ್ ಮಾಡ್ಬೇಕು ಅಂತಿದೀನಿ" ಅಂದರು. ಹೆಂಡತಿ ನಡುವೆ ಬಾಯಿ ಹಾಕಿದರು: "ಓದ್ಲಿ ಸರ್, ನಾನು ಬೇಡ ಅನ್ನಲ್ಲ. ಸೀಟು ಸಿಗ್ಲಿಲ್ಲ ಅಂದ್ರೆ ಏನ್ಮಾಡ್ತಾರೆ ಅನ್ನೋದನ್ನ ಮಾತ್ರ ಇವತ್ತೇ ಹೇಳಿಸಿ."

ಇಂಥವರು ಈಗ ಹೆಚ್ಚು ಬರುತ್ತಿದ್ದಾರೆ. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ಗೆ ಇದ್ದ 25ರ ಗರಿಷ್ಠ ವಯೋಮಿತಿ (ಮೀಸಲಾತಿಯವರಿಗೆ 30) 2022ರಲ್ಲಿ ಹೋಯಿತು. ಬೆಂಗಳೂರಿನ ಎಂಜಿನಿಯರುಗಳಿಗೆ ಇನ್ನೊಂದು ತೊಡಕಿತ್ತು. ಪಿಯುಸಿಯಲ್ಲಿ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್) ತೆಗೆದುಕೊಂಡವರು ಜೀವಶಾಸ್ತ್ರ ಓದಿರುವುದಿಲ್ಲ. ಪಿಯುಸಿ ಆದ ಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ನಡೆಯುತ್ತದೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಹೇಳಿತು. ಬಾಗಿಲು ತೆರೆಯಿತು, ಆದರೆ ಒಳಗಿನ ಜಾಗ ಹಿಗ್ಗಲಿಲ್ಲ. ಪರೀಕ್ಷೆಗೆ ಕೂರುವವರು 20 ಲಕ್ಷಕ್ಕೂ ಮೇಲೆ, ಎಂಬಿಬಿಎಸ್ ಸೀಟುಗಳು ಒಂದೂಕಾಲು ಲಕ್ಷದ ಆಸುಪಾಸು. ಸಂಬಳದಾರರ ಕೈಗೆಟಕುವುದು ಸರ್ಕಾರಿ ಶುಲ್ಕದ ಸೀಟು ಮಾತ್ರ.

ಒಂದು ಹಾಳೆ ತೆಗೆದು ಲೆಕ್ಕ ಬರೆದೆವು. ಜೀವಶಾಸ್ತ್ರ ಮುಗಿಸಿ ಮೊದಲ ನೀಟ್ 38ಕ್ಕೆ, ಎರಡನೆಯದು 39ಕ್ಕೆ. ಆಗ ಸೀಟು ಸಿಕ್ಕಿದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಹೊರಬರುವ ಹೊತ್ತಿಗೆ 45. ಮೇಲೆ ಎಂಡಿ ಮೂರು ವರ್ಷ. ಮಗಳು ಅಷ್ಟರಲ್ಲಿ ಪಿಯುಸಿಗೆ ಬಂದಿರುತ್ತಾಳೆ.

"ಪ್ಲ್ಯಾನ್ ಬಿ ಇದೆ ಸರ್" ಎಂದು ಅವರು ಮೂರು ಹೇಳಿದರು: ಆಯುರ್ವೇದ, ವಿದೇಶದ ಎಂಬಿಬಿಎಸ್, ಹಳೆಯ ಕೆಲಸ. ಹೆಚ್ಚಿನವರು ತರುವ ಪಟ್ಟಿಯೂ ಇದೇ. ಆಯುರ್ವೇದದ ಪದವಿ ಬಿಎಎಂಎಸ್‌ಗೂ ನೀಟ್ ಬೇಕು, ಅದೂ ಐದೂವರೆ ವರ್ಷ. ಆಯುರ್ವೇದದ ಮೇಲೆ ಒಲವಿದ್ದರೆ ಅದನ್ನೇ ಮೊದಲ ಆಯ್ಕೆ ಮಾಡಿಕೊಳ್ಳಿ. ಸಮಾಧಾನದ ಬಹುಮಾನವಾಗಿ ಹೋದವರು ಅಲ್ಲಿ ಬಹಳ ಒದ್ದಾಡುತ್ತಾರೆ. ವಿದೇಶಕ್ಕೂ ನೀಟ್ ತಪ್ಪುವುದಿಲ್ಲ. ಅಲ್ಲಿ 54 ತಿಂಗಳ ಓದು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಬಂದ ಮೇಲೆ 300ಕ್ಕೆ 150 ತೆಗೆಯಬೇಕಾದ ಅರ್ಹತಾ ಪರೀಕ್ಷೆ, ಇಲ್ಲಿ ಮತ್ತೊಂದು ವರ್ಷ ಇಂಟರ್ನ್‌ಶಿಪ್. ಮೊದಲ ದಾರಿ ಎಲ್ಲಿ ಮುಚ್ಚುತ್ತದೋ ಅಲ್ಲೇ ಮುಚ್ಚುವ ದಾರಿಯನ್ನು ಪರ್ಯಾಯ ಅನ್ನಲಾಗದು. ಇನ್ನು ಹಳೆಯ ಕೆಲಸ: ರಾಜೀನಾಮೆ ಕೊಟ್ಟು ಎರಡು ವರ್ಷ ಕಳೆದ ಮೇಲೆ ಅದು ಅದೇ ಸಂಬಳಕ್ಕೆ ಕಾದು ಕೂತಿರುವುದಿಲ್ಲ.

ಕೋರ್ಸುಗಳ ಪಟ್ಟಿ ನೋಡುವ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ: ಆಸ್ಪತ್ರೆಯಲ್ಲಿ ಯಾರ ಕೆಲಸ ನೋಡಿ ನಿಮಗೆ ಹೊಟ್ಟೆಕಿಚ್ಚಾಯಿತು? ಅವರು ಯೋಚಿಸಿ ಹೇಳಿದ್ದು ಮೂತ್ರಪಿಂಡದ ತಜ್ಞ ನೆಫ್ರಾಲಜಿಸ್ಟ್ ಹೆಸರಲ್ಲ, ಡಯಾಲಿಸಿಸ್ ಟೆಕ್ನಿಷಿಯನ್. ಸೂಜಿ ಚುಚ್ಚುವ ಮೊದಲು ಆ ಹುಡುಗ ಫಿಸ್ಟುಲಾ (ಡಯಾಲಿಸಿಸ್ ಸೂಜಿಗೆಂದು ಕೈಯಲ್ಲಿ ಜೋಡಿಸಿದ ರಕ್ತನಾಳ) ಮೇಲೆ ಬೆರಳಿಟ್ಟು ಅಪ್ಪನ ಹತ್ತಿರ ಕ್ರಿಕೆಟ್ ಮಾತಾಡುತ್ತಿದ್ದನಂತೆ. ಆಮೇಲೆ, ಕೇಳದೆಯೇ, ಮೊಬೈಲ್ ತೆಗೆದು ಒಂದು ಎಕ್ಸೆಲ್ ತೋರಿಸಿದರು. ಎರಡು ವರ್ಷದ ಕ್ರಿಯಾಟಿನಿನ್, ಪೊಟ್ಯಾಸಿಯಂ, ತೂಕ, ಬಿಪಿ, ಎಲ್ಲ ತಾರೀಖಿನ ಸಮೇತ. ಪಕ್ಕದ ಹಾಸಿಗೆಯ ಮೂವರದ್ದೂ ಬರೆದಿಟ್ಟುಕೊಂಡಿದ್ದರು. ಹೆಂಡತಿಗೆ ಇದು ಗೊತ್ತೇ ಇರಲಿಲ್ಲ.

ನನ್ನ ಮಟ್ಟಿಗೆ ಪ್ಲ್ಯಾನ್ ಬಿ ಆ ಎಕ್ಸೆಲ್‌ನಲ್ಲೇ ಇತ್ತು. ಹಲವರ ಆರೋಗ್ಯದ ಅಂಕಿಅಂಶ ಕೂಡಿಸಿ ನೋಡುವ ಕೆಲಸಕ್ಕೂ ಒಂದು ಓದಿದೆ: ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಎಂಪಿಎಚ್, ಎರಡು ವರ್ಷದ್ದು. ಕೆಲವೆಡೆ ವೈದ್ಯಕೀಯ ಹಿನ್ನೆಲೆ ಕೇಳುತ್ತಾರೆ, ಕೆಲವೆಡೆ ಬೇರೆ ಪದವೀಧರರನ್ನೂ ತೆಗೆದುಕೊಳ್ಳುತ್ತಾರೆ. ನೀಟ್ ಬೇಕಿಲ್ಲ, ಹದಿಮೂರು ವರ್ಷದ ಅನುಭವ ವ್ಯರ್ಥವಾಗುವುದಿಲ್ಲ. ರೋಗಿಯ ಕೈ ಹಿಡಿಯುವ ಕೆಲಸವೇ ಬೇಕು ಅನ್ನುವವರಿಗೆ ಉತ್ತರ ಬೇರೆ: ನರ್ಸಿಂಗ್, ಫಿಸಿಯೋಥೆರಪಿ, ಡಯಾಲಿಸಿಸ್ ಟೆಕ್ನಾಲಜಿ. ನರ್ಸಿಂಗ್‌ಗೆ ವಯೋಮಿತಿ ಉಂಟು, ಮೊದಲೇ ವಿಚಾರಿಸಿಕೊಳ್ಳಿ. ಎರಡರಲ್ಲಿ ಯಾವುದು ಎಂದು ತಿಳಿಯದಿದ್ದರೆ ಕೊನೆಗಾಲದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೆಲವು ಶನಿವಾರ ಸ್ವಯಂಸೇವಕರಾಗಿ ಹೋಗಿ ಬನ್ನಿ ಅನ್ನುತ್ತೇನೆ. ನಾಲ್ಕನೇ ವಾರಕ್ಕೆ ನೆಪ ಹುಡುಕಿದವರು ಇದ್ದಾರೆ. ಅದೂ ಒಂದು ಉತ್ತರವೇ.

ಆಯ್ಕೆಗಿಂತ ಹೆಚ್ಚು ಜನ ಎಡವುವುದು ತಾರೀಖಿನಲ್ಲಿ. ನೀಟ್ ಈಚಿನ ವರ್ಷಗಳಲ್ಲಿ ಮೇ ಮೊದಲ ಭಾನುವಾರ ಬರುತ್ತದೆ, ಫಲಿತಾಂಶ ಜೂನ್‌ನಲ್ಲಿ, ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್ ಸುತ್ತುಗಳು ತಿಂಗಳುಗಟ್ಟಲೆ ಎಳೆಯುತ್ತವೆ. ಕೊನೆಯ ಸುತ್ತಿನವರೆಗೆ ಕಾದು ಆಮೇಲೆ ಬೇರೆ ಕೋರ್ಸು ಹುಡುಕಹೊರಟರೆ ಆ ವರ್ಷವೂ ಹೋದಂತೆಯೇ. ಪರ್ಯಾಯ ಕೋರ್ಸಿನ ಅರ್ಜಿ ನೀಟ್ ಫಲಿತಾಂಶಕ್ಕೆ ಮೊದಲೇ ಹೋಗಿರಬೇಕು, ಅಲ್ಲಿಯವರೆಗೆ ರಾಜೀನಾಮೆ ಕೂಡದು. ಎಷ್ಟು ಪ್ರಯತ್ನ ಎಂಬುದನ್ನೂ ಬರೆದಿಡಬೇಕು. ನಾನು ಎರಡಕ್ಕಿಂತ ಹೆಚ್ಚು ಹೇಳುವುದಿಲ್ಲ.

ಸೀಟು ಸಿಕ್ಕಿದ ಮೇಲಿನ ಪರ್ಯಾಯವನ್ನು ಯಾರೂ ಕೇಳುವುದಿಲ್ಲ. ಮೊದಲ ವರ್ಷ ಪಾಸಾಗಲು ನಾಲ್ಕೇ ಅವಕಾಶ, ಇಡೀ ಕೋರ್ಸು ಒಂಬತ್ತು ವರ್ಷದೊಳಗೆ ಮುಗಿಯಬೇಕು. ಪಿಜಿ ಸಿಗದಿದ್ದರೆ 45ರಲ್ಲಿ ಡ್ಯೂಟಿ ಡಾಕ್ಟರಾಗಿ ರಾತ್ರಿ ಪಾಳಿ ಮಾಡಲು ಸಿದ್ಧವೇ? ಅವರು "ಸಿದ್ಧ" ಅಂದರು. ಹೆಂಡತಿ ಅದನ್ನೂ ಹಾಳೆಯಲ್ಲಿ ಬರೆಸಿ, ಕೆಳಗೆ ಗಂಡನ ಸಹಿ ಹಾಕಿಸಿ, ಮಡಚಿ ಬ್ಯಾಗಿಗೆ ಹಾಕಿಕೊಂಡರು.