ಗಜದ ಮೇಲಿನ ಎರಡು ಗೆರೆ

ನಮ್ಮ ಮನೆಯ ಹಳೆಯ ಕೇಪಿನ ಕೋವಿಯ ಗಜದಲ್ಲಿ, ಅಂದರೆ ನಳಿಗೆಯ ಬಾಯಿಂದ ಈಡು (ಮದ್ದು, ಗುಂಡು) ಒತ್ತಿ ಕೂರಿಸುವ ಕಡ್ಡಿಯಲ್ಲಿ, ಚಾಕುವಿನಿಂದ ಕೊರೆದ ಎರಡು ಗೆರೆಗಳಿವೆ. ಖಾಲಿ ನಳಿಗೆಗೆ ಗಜ ಇಳಿಸಿದರೆ ಮೇಲಿನ ಗೆರೆ ಬಾಯಿಯ ಅಂಚಿಗೆ ಬರುತ್ತದೆ; ಈಡು ತುಂಬಿದ್ದರೆ ಕೆಳಗಿನದು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನಂದು ಕೋವಿಗೆ ಎಣ್ಣೆ ಒರೆಸಿ, ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸುವ ಮೊದಲು ಅಜ್ಜ ಗಜ ಇಳಿಸಿ ಗೆರೆ ನೋಡುತ್ತಿದ್ದರು. ಮಸಿ (ಮದ್ದು), ಕತ್ತ (ತೆಂಗಿನ ನಾರು), ಗುಂಡು ಒಂದರ ಮೇಲೊಂದು ಒತ್ತಿ ಕೂರದೆ ನಡುವೆ ಪೊಳ್ಳು ಉಳಿದರೆ ನಳಿಗೆ ಸಿಡಿಯಬಹುದು. ಗುಂಡು ಎಷ್ಟು ಆಳದಲ್ಲಿ ಕೂತಿದೆ ಎಂಬುದನ್ನು ಅಳೆಯಲು ಅವರಿಗಿದ್ದ ಸಲಕರಣೆ ಅದೊಂದೇ.

ಕೊಡಗಿನ ಕೋವಿಯ ಕತೆಯೂ ಈಡು ತುಂಬುವ ಜಗಳಕ್ಕೇ ತಳುಕು ಹಾಕಿಕೊಂಡಿದೆ. ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟಾವನ್ನು ಸಿಪಾಯಿಗಳು ಹಲ್ಲಿನಿಂದ ಹರಿದು, ಮದ್ದು ಸುರಿದು, ಗುಂಡನ್ನು ಗಜದಿಂದ ಇಳಿಸಬೇಕಿತ್ತು. ಆ ಕಾಗದಕ್ಕೆ ಹಚ್ಚಿದ ಕೊಬ್ಬಿನ ಗುಮಾನಿ 1857ರ ದಂಗೆಗೆ ಕಿಡಿಯಾಯಿತು. (ಕಾರಣ ಅದೊಂದೇ ಅಲ್ಲ ಎನ್ನುವುದೂ ನಿಜ.) ದಂಗೆಯ ಬೆನ್ನಿಗೇ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂತು. ಮೈಸೂರು, ಕೊಡಗಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡಗಿನವರನ್ನು ಅದರಿಂದ ಹೊರಗಿಟ್ಟರು. ಅದು ನಿಷ್ಠೆಗೆ ಕೊಟ್ಟ ಇನಾಮು. ನಮ್ಮಲ್ಲಿ ಅದನ್ನು ಶೌರ್ಯದ ಪದಕದಂತೆ ಹೇಳಿಕೊಳ್ಳುವವರೇ ಹೆಚ್ಚು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 1963ರಲ್ಲಿ ಹೊರಟ ಅಧಿಸೂಚನೆಯೂ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ವಿನಾಯಿತಿ ನೀಡಿತು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಒಯ್ಯಲು. ಮದ್ದುಗುಂಡು ತಯಾರಿಸಲು ಪರವಾನಗಿ ಬೇಕೆಂಬ 5ನೇ ಕಲಮು ಬೇರೆಯೇ ಇದೆ.

ಕಬ್ಬನ್ ಆ ಮೊದಲ ವಿನಾಯಿತಿ ಕೊಟ್ಟ ಹೊತ್ತಿಗೇ ಗಜದ ಕೆಲಸ ಮುಗಿಯುತ್ತ ಬಂದಿತ್ತು. 1860ರ ದಶಕದಲ್ಲಿ ಬಾಕ್ಸರ್, ಬರ್ಡನ್ ಎಂಬವರ ಲೋಹದ ತೋಟಾಗಳು ಬಂದವು. ಗುಂಡು, ಮದ್ದು, ಕಿಡಿ ಹೊತ್ತಿಸುವ ಕೇಪು ಮೂರೂ ಒಂದೇ ಕೋಶದಲ್ಲಿ ಸೇರಿದವು. ಎಷ್ಟು ಆಳ ಎಂಬುದನ್ನು ಕಾರ್ಖಾನೆಯ ಯಂತ್ರ ತೀರ್ಮಾನಿಸತೊಡಗಿತು. ನಮ್ಮ ಕಡೆ ತೋಟೆ ಕೋವಿ, ಆಮೇಲೆ .315 ರೈಫಲ್ ಹಿಡಿದವರು ಆ ಲೆಕ್ಕಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಪೆಟ್ಟಿಗೆ ತೆರೆದರೆ ಎಲ್ಲವೂ ಒಂದೇ ಅಳತೆ.

ಅಮೆರಿಕ, ಯುರೋಪಿನ ಗುರಿಕಾರರು ಮಾತ್ರ ತೋಟಾ ತಾವೇ ತುಂಬಿ ಗುಂಡಿನ ಆಳ ತೀರ್ಮಾನಿಸುವ ಕೆಲಸವನ್ನು ಮತ್ತೆ ತಮ್ಮ ಕೈಗೆ ತೆಗೆದುಕೊಂಡರು. ಅವರಿಗೆ ಬೇಕಾದದ್ದು, ಕೋಶದ ಬಾಯಿಂದ ಹೊರಟ ಗುಂಡು ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಮುಟ್ಟುವ ಮೊದಲು ದಾಟುವ ದೂರ. ತೋಟಾದ ಒಟ್ಟು ಉದ್ದವನ್ನು, ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಕ್ಯಾಲಿಪರ್‌ನಿಂದ ಅಳೆದರೆ ಅದು ಸಿಗುವುದಿಲ್ಲ. ಗುಂಡಿನ ಮೊನೆ ಒಂದರಂತೆ ಇನ್ನೊಂದು ಇರುವುದಿಲ್ಲ. ಮೆತ್ತನೆಯ ಸೀಸದ ಮೊನೆಯಂತೂ ಪೆಟ್ಟಿಗೆಯಲ್ಲೇ ನಜ್ಜುಗುಜ್ಜಾಗಿರುತ್ತದೆ. ಗೀರನ್ನು ಮೊದಲು ಮುಟ್ಟುವುದು ಮೊನೆಯಲ್ಲ, ಅದರ ಹಿಂದೆ ಗುಂಡು ಬಾಗಿ ದಪ್ಪವಾಗುವ ಜಾಗ. ಅದನ್ನು ಓಜೈವ್ ಎನ್ನುತ್ತಾರೆ. ಹಾಗಾಗಿ ಕ್ಯಾಲಿಪರ್‌ನ ದವಡೆಗೆ ತೂತಿರುವ ಒಂದು ಬಿಲ್ಲೆ ಸಿಕ್ಕಿಸಿ, ಕೋಶದ ತಳದಿಂದ ಆ ಬಾಗಿನವರೆಗೆ ಅಳೆಯುತ್ತಾರೆ.

ಲೆಕ್ಕ ನಡೆಯುವುದು ಇಂಚಿನ ಸಾವಿರದಲ್ಲೊಂದು ಭಾಗದಲ್ಲಿ, ಅಂದರೆ 0.025 ಮಿಲಿಮೀಟರ್‌ನಲ್ಲಿ. ಗುಂಡು ತೀರಾ ಒಳಗೆ ಹೋದರೆ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಹೊರಗೆ ಚಾಚಿ ಗೀರಿಗೆ ಒತ್ತಿ ನಿಂತರೂ ಏರುತ್ತದೆ.

ಈ ಬಿಲ್ಲೆ ಬರುವ ಮೊದಲು ಅವರು ಅಳೆಯುತ್ತಿದ್ದ ರೀತಿ ಓದಿ ನನಗೆ ನಗು ಬಂತು. ಖಾಲಿ ಕೋವಿಯ ಬೋಲ್ಟ್ (ನಳಿಗೆಯ ಹಿಂಬದಿಯ ಅಗುಳಿ) ಮುಚ್ಚಿ, ನಳಿಗೆಯ ಬಾಯಿಂದ ಒಂದು ಕಡ್ಡಿ ಇಳಿಸಿ ಅಂಚಿಗೆ ಗೆರೆ ಎಳೆಯುವುದು. ಬೋಲ್ಟ್ ತೆಗೆದು, ಬರಿಯ ಗುಂಡನ್ನು ಗೀರಿಗೆ ತಾಗಿಸಿ ಹಿಡಿದು, ಮತ್ತೆ ಕಡ್ಡಿ ಇಳಿಸಿ ಇನ್ನೊಂದು ಗೆರೆ. ಎರಡರ ನಡುವಿನ ಅಂತರವೇ ಅಳತೆ.

ಕಳೆದ ಕೈಲ್ ಪೊಳ್ದಿಗೆ ತಮ್ಮನ ಮಗ ಡಿಜಿಟಲ್ ಕ್ಯಾಲಿಪರ್ ತಂದು ಅಜ್ಜನ ಗಜಕ್ಕೂ ಹಿಡಿದ. ಮೂರು ಸಲ ಅಳೆದ, ಮೂರು ಉತ್ತರ ಬಂತು. ಅಜ್ಜನ ಚಾಕುವಿನ ಗೆರೆಯೇ ಒಂದು ಮಿಲಿಮೀಟರ್ ಅಗಲವಿತ್ತು.